ತೋರಿಸದೆ ಒಪ್ಪಿಸಿದ ಲೆಕ್ಕ

ಬಾಲ್ಟಿಕ್ ಸಮುದ್ರದ ಪೂರ್ವತೀರದಲ್ಲಿ ಎಸ್ಟೋನಿಯ ಎಂಬ ಪುಟ್ಟ ರಾಷ್ಟ್ರವೊಂದಿದೆ. ಅದರ ಜನಸಂಖ್ಯೆ ಸುಮಾರು 13½ ಲಕ್ಷ. ನಮ್ಮ ಮೈಸೂರು ಜಿಲ್ಲೆಯ ಜನಸಂಖ್ಯೆಯ ಅರ್ಧದಷ್ಟೂ ಇಲ್ಲ. 2013ನೆಯ ಇಸವಿಯ ಕೊನೆಯಲ್ಲಿ ಆ ದೇಶದ ಶಾಸನಸಭೆ ತೆರಿಗೆಯ ಕಾನೂನಿಗೆ ಒಂದು ತಿದ್ದುಪಡಿಯನ್ನು ಅಂಗೀಕರಿಸಿತು. ವ್ಯಾಪಾರ ಮಾಡುವ ಪ್ರತಿಯೊಂದು ಸಂಸ್ಥೆಯೂ ತಾನು ಯಾರಿಗೆ ಏನನ್ನು ಎಷ್ಟು ಬೆಲೆಗೆ ಮಾರಿತು, ಯಾರಿಂದ ಎಷ್ಟನ್ನು ಕೊಂಡಿತು ಎಂಬುದರ ಬಿಲ್ಲುಗಳ ವಿವರವನ್ನು ತೆರಿಗೆ ಇಲಾಖೆಗೆ ಒಪ್ಪಿಸತಕ್ಕದ್ದು ಎಂಬುದು ಅದರ ಸಾರ. ಮೌಲ್ಯವರ್ಧಿತ ತೆರಿಗೆಯ ವಂಚನೆಯಿಂದ ವರ್ಷಕ್ಕೆ 22 ಕೋಟಿ ಯೂರೋಗಳಿಗಿಂತಲೂ ಹೆಚ್ಚು ನಷ್ಟವಾಗುತ್ತಿದೆಯೆಂದು ಇಲಾಖೆ ಅಂದಾಜು ಮಾಡಿದ್ದಿತು. ಅಷ್ಟು ಚಿಕ್ಕ ದೇಶಕ್ಕೆ ಇದು ಅಲ್ಪ ಮೊತ್ತವಲ್ಲ. ಶಾಲೆ, ಆಸ್ಪತ್ರೆ, ರಸ್ತೆಗಳಿಗೆ ಸಲ್ಲಬೇಕಾದ ಹಣ ಅದು.

ಆದರೆ ಆಗಿನ ಅಧ್ಯಕ್ಷ ಟೊಮಾಸ್ ಹೆಂಡ್ರಿಕ್ ಇಲ್ವೆಸ್ ಅವರು ಈ ಕಾನೂನಿಗೆ ಅಂಕಿತ ಹಾಕಲು ನಿರಾಕರಿಸಿದರು. ವ್ಯಾಪಾರದ ಗೋಪ್ಯಕ್ಕೆ ಇದರಿಂದ ಧಕ್ಕೆಯುಂಟಾಗುವುದೆಂಬುದು ಅವರ ಆಕ್ಷೇಪಣೆಗಳಲ್ಲಿ ಒಂದು. ಸಂಸ್ಥೆಗಳ ಮೇಲೆ ಮಿತಿಮೀರಿದ ಬರವಣಿಗೆಯ ಹೊರೆ ಬೀಳುವುದೆಂಬುದು ಇನ್ನೊಂದು. ಎರಡನೆಯದು ಯಾವ ದೇಶದಲ್ಲಾದರೂ ಕೇಳಿಬರುವ ಮಾತು. ಮೊದಲನೆಯದು ಮಾತ್ರ ಗಣಿತಶಾಸ್ತ್ರದ ಒಂದು ಸೊಗಸಾದ ಪ್ರಶ್ನೆಗೆ ಬಾಗಿಲು ತೆರೆಯಿತು. ಲೆಕ್ಕವನ್ನು ತೋರಿಸದೆಯೇ ಒಪ್ಪಿಸುವುದು ಸಾಧ್ಯವೆ? ಸರ್ಕಾರಕ್ಕೆ ಬೇಕಾದ ಉತ್ತರ ಮಾತ್ರ ಸರ್ಕಾರಕ್ಕೆ ದೊರೆತು, ಉಳಿದ ಅಂಕಿಗಳೆಲ್ಲ ಒಡೆಯನಲ್ಲಿಯೇ ಉಳಿಯುವಂತೆ ಮಾಡಬಹುದೆ?

ಮೊದಲು ಈ ತೆರಿಗೆಯಲ್ಲಿ ಮೋಸ ನಡೆಯುವ ಬಗೆಯನ್ನು ತಿಳಿಯುವುದು ಅವಶ್ಯಕ. ಮರದ ವ್ಯಾಪಾರಿಯೊಬ್ಬನು ಪೀಠೋಪಕರಣ ಮಾಡುವವನಿಗೆ 1000 ಯೂರೋ ಬೆಲೆಯ ಮರವನ್ನು ಮಾರಿದನೆನ್ನೋಣ. ಎಸ್ಟೋನಿಯದಲ್ಲಿ ಆಗ ತೆರಿಗೆಯ ದರ ನೂರಕ್ಕೆ 20 ಇದ್ದಿತು. ಆದುದರಿಂದ ವ್ಯಾಪಾರಿಯು ಮರದ ಬೆಲೆಯ ಜೊತೆಗೆ 200 ಯೂರೋ ತೆರಿಗೆಯನ್ನೂ ವಸೂಲು ಮಾಡಿ ಬೊಕ್ಕಸಕ್ಕೆ ಕಟ್ಟಬೇಕು. ಕೊಂಡವನು ಆ ಮರದಿಂದ ಕುರ್ಚಿ ಮೇಜುಗಳನ್ನು ಮಾಡಿ 1800 ಯೂರೋಗಳಿಗೆ ಮಾರಿದರೆ ಅವನು ವಸೂಲು ಮಾಡುವ ತೆರಿಗೆ 360. ಆದರೆ 200ನ್ನು ಅವನು ಆಗಲೇ ಕೊಟ್ಟಿರುವನಾದುದರಿಂದ, ಬೊಕ್ಕಸಕ್ಕೆ ಸಲ್ಲಿಸುವುದು 160 ಮಾತ್ರ. ಈಗ ಮರದ ವ್ಯಾಪಾರಿಯು ತನ್ನ ಮಾರಾಟವನ್ನು ಮುಚ್ಚಿಟ್ಟನೆನ್ನಿ. ಅಥವಾ ಮರವನ್ನೇ ಮಾರದೆ ಬರಿಯ ಬಿಲ್ಲನ್ನು ಬರೆದುಕೊಟ್ಟನೆನ್ನಿ. ಒಬ್ಬನು ಕಟ್ಟದ 200 ಯೂರೋಗಳನ್ನು ಇನ್ನೊಬ್ಬನು ಕಟ್ಟಿರುವೆನೆಂದು ಕಳೆದುಕೊಳ್ಳುವನು. ಇದನ್ನು ಹಿಡಿಯುವ ನೇರವಾದ ಉಪಾಯ ಒಂದೇ: ಮಾರಿದವನ ಪಟ್ಟಿಯನ್ನೂ ಕೊಂಡವನ ಪಟ್ಟಿಯನ್ನೂ ಎದುರುಬದುರಾಗಿಟ್ಟು ತಾಳೆ ನೋಡುವುದು.

ನಮ್ಮ ವ್ಯಾಪಾರಿಗಳಿಗೆ ಇದು ಹೊಸ ವಿಷಯವಲ್ಲ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಂದಿನಿಂದ ನಮ್ಮ ದೇಶದಲ್ಲಿಯೂ ಮಾರಾಟಗಾರನು ಇನ್ನೊಬ್ಬ ನೋಂದಾಯಿತ ವ್ಯಾಪಾರಿಗೆ ಮಾಡಿದ ಮಾರಾಟಗಳನ್ನು ಬಿಲ್ಲು ಬಿಲ್ಲಾಗಿ ಜಿ.ಎಸ್.ಟಿ.ಆರ್.-1 ಎಂಬ ನಮೂನೆಯಲ್ಲಿ ಸಲ್ಲಿಸುತ್ತಾನೆ. ಚಿಕ್ಕಪೇಟೆಯ ಜವಳಿ ಅಂಗಡಿಯವರನ್ನು ಕೇಳಿದರೆ ಇದರ ಕಷ್ಟಸುಖಗಳನ್ನು ನಮಗಿಂತ ಚೆನ್ನಾಗಿ ವಿವರಿಸಿಯಾರು.

ಬಿಲ್ಲುಗಳ ಕಟ್ಟೊಂದನ್ನು ಪರರ ಕೈಗೆ ಕೊಡಲು ವ್ಯಾಪಾರಿ ಏಕೆ ಹಿಂಜರಿಯುತ್ತಾನೆ? ಕಳ್ಳತನವಿದ್ದರೆ ಮಾತ್ರ ಭಯ, ನೇರವಾಗಿದ್ದವನಿಗೆ ಭಯವೇನು ಎಂದು ಕೆಲವರು ಕೇಳುವುದುಂಟು. ಇದು ಸರಿಯಾದ ಮಾತಲ್ಲವೆಂದು ನಮ್ಮ ಅಭಿಪ್ರಾಯ. ವೈದ್ಯನು ನಾಡಿಯನ್ನು ನೋಡುವಂತೆ ಬಲ್ಲವನು ಬಿಲ್ಲುಗಳಿಂದಲೇ ಒಂದು ಸಂಸ್ಥೆಯ ಸ್ಥಿತಿಯನ್ನೆಲ್ಲ ಓದಬಹುದು. ಅದರ ಅತಿ ದೊಡ್ಡ ಗಿರಾಕಿ ಯಾರು, ಅವನಿಗೆ ಕೊಡುವ ರಿಯಾಯಿತಿ ಎಷ್ಟು, ಕಚ್ಚಾಮಾಲು ಎಲ್ಲಿಂದ ಅಗ್ಗವಾಗಿ ಬರುತ್ತದೆ, ಯಾವ ತಿಂಗಳಲ್ಲಿ ಕೊಳ್ಳುವುದು ನಿಂತಿತು, ಎಂದರೆ ಕೈಯಲ್ಲಿ ಹಣವಿಲ್ಲದಾಯಿತು, ಎಲ್ಲವೂ ಅಲ್ಲಿರುತ್ತದೆ. ಐದು ಜನ ಕೆಲಸಗಾರರನ್ನಿಟ್ಟುಕೊಂಡು ಒಂದೇ ದೊಡ್ಡ ಗಿರಾಕಿಯನ್ನು ನಂಬಿ ಬದುಕುವ ಕಾರ್ಖಾನೆಯ ಈ ಪಟ್ಟಿ ಪ್ರತಿಸ್ಪರ್ಧಿಯ ಕೈಗೆ ಸಿಕ್ಕಿದರೆ ಆರು ತಿಂಗಳಲ್ಲಿ ಅದರ ಬಾಗಿಲು ಮುಚ್ಚಬಹುದು. ತೆರಿಗೆ ಇಲಾಖೆಯವರು ದುಷ್ಟರೆಂದಲ್ಲ. ಇಡೀ ದೇಶದ ಪಟ್ಟಿಗಳು ಒಂದೇ ಕೋಣೆಯಲ್ಲಿ ರಾಶಿಬಿದ್ದಿದ್ದರೆ ಆ ಕೋಣೆಯ ಒಂದು ಬೀಗದ ಕೈ ಕಳೆದರೆ ಸಾಕು.

ಇದಕ್ಕೆ ಹಿಂದಿನಿಂದ ಬಂದಿರುವ ಪರಿಹಾರ ಕಾನೂನು ಮತ್ತು ಆಣೆ. ನಮ್ಮ 2008ರ ಅಂಕಿಅಂಶ ಸಂಗ್ರಹಣೆಯ ಕಾನೂನಿನಂತೆ ಕಾರ್ಖಾನೆಗಳು ಸಂಖ್ಯಾಶಾಸ್ತ್ರದ ಕೆಲಸಕ್ಕಾಗಿ ಕೊಡುವ ಮಾಹಿತಿಯನ್ನು, ಕೊಟ್ಟವರ ಗುರುತು ತಿಳಿಯುವಂತೆ ಹೊರಗೆಡಹಕೂಡದು. ಜಿ.ಎಸ್.ಟಿ. ಕಾನೂನಿನ 158ನೆಯ ಪ್ರಕರಣವೂ ಅಧಿಕಾರಿಗಳ ಬಾಯಿಗೆ ಇಂಥದೇ ಬೀಗ ಹಾಕುತ್ತದೆ. ಇವು ಬೇಕಾದ ಕಾನೂನುಗಳೇ. ಆದರೆ ಕಾನೂನು ತಪ್ಪು ನಡೆದ ಮೇಲೆ ಶಿಕ್ಷಿಸಬಲ್ಲುದು. ಹೊರಬಿದ್ದ ಗುಟ್ಟನ್ನು ಮತ್ತೆ ಒಳಗೆ ತುಂಬಲಾರದು.

ಭೌತಶಾಸ್ತ್ರದ ಅಧ್ಯಾಪಕರಾದ ನಮಗೆ ಇಲ್ಲಿ ಥರ್ಮಾಮೀಟರಿನ ನೆನಪಾಗುತ್ತದೆ. ಕೋಣೆಯ ಗಾಳಿಯಲ್ಲಿರುವ ಅಸಂಖ್ಯಾತ ಅಣುಗಳಲ್ಲಿ ಪ್ರತಿಯೊಂದರ ವೇಗವೂ ಬೇರೆ ಬೇರೆ. ಥರ್ಮಾಮೀಟರು ಅವುಗಳಲ್ಲಿ ಯಾವೊಂದರ ವೇಗವನ್ನೂ ವಿಚಾರಿಸುವುದಿಲ್ಲ; ಸರಾಸರಿ ಚಲನಶಕ್ತಿಗೆ ಸಂಬಂಧಿಸಿದ ಒಂದೇ ಒಂದು ಸಂಖ್ಯೆಯನ್ನು ನಮಗೆ ತಿಳಿಸುತ್ತದೆ. ಬಿಡಿ ಬಿಡಿ ಅಂಕಿಗಳನ್ನು ಮುಟ್ಟದೆ ಒಟ್ಟು ಮೊತ್ತವನ್ನು ಮಾತ್ರ ತೋರಿಸುವ ಇಂಥ ಥರ್ಮಾಮೀಟರೊಂದನ್ನು ಲೆಕ್ಕಪತ್ರಗಳಿಗೂ ಮಾಡಬಹುದೆ ಎಂಬುದೇ ಪ್ರಶ್ನೆ.

ಮಾಡಬಹುದು. ಅದರ ಮೂಲಭಾವನೆ ಇಸ್ರೇಲಿನ ಗಣಿತಜ್ಞ ಆದಿ ಶಮೀರರು 1979ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಲೇಖನದಲ್ಲಿದೆ. ಒಂದು ಗುಟ್ಟನ್ನು ಹಲವು ಪಾಲುಗಳಾಗಿ ಒಡೆದು ಹಲವರಿಗೆ ಹಂಚುವುದು. ಸಾಕಷ್ಟು ಪಾಲುಗಳು ಒಂದುಗೂಡಿದರೆ ಗುಟ್ಟು ಪೂರ್ತಿ ದೊರೆಯುವುದು. ಒಂದು ಪಾಲು ಕಡಮೆಯಾದರೂ ಏನೊಂದೂ ತಿಳಿಯದು. ಶಮೀರರು ಇದಕ್ಕೆ ಬೀಜಗಣಿತದ ವಕ್ರರೇಖೆಗಳನ್ನು ಬಳಸಿದರು. ನಾವು ಅದಕ್ಕಿಂತ ಸುಲಭವಾದ, ಬರಿಯ ಕೂಡುವ ಲೆಕ್ಕದಿಂದಲೇ ಆಗುವ ಒಂದು ಬಗೆಯನ್ನು ಇಲ್ಲಿ ವಿವರಿಸುತ್ತೇವೆ. ವಾಚಕರು ಕಾಗದ ಪೆನ್ಸಿಲುಗಳನ್ನು ತೆಗೆದುಕೊಂಡು ಜೊತೆಯಲ್ಲಿ ಮಾಡಿ ನೋಡಬಹುದು.

ಗಡಿಯಾರದಲ್ಲಿ 12 ಆದಮೇಲೆ ಮತ್ತೆ 1 ಬರುವಂತೆ, 999 ಆದಮೇಲೆ ಮತ್ತೆ 0 ಬರುವ ಗಡಿಯಾರವೊಂದನ್ನು ಕಲ್ಪಿಸಿಕೊಳ್ಳೋಣ. ಇದರಲ್ಲಿ ಯಾವ ಮೊತ್ತವೇ ಆಗಲಿ ಕೊನೆಯ ಮೂರು ಅಂಕೆಗಳನ್ನು ಮಾತ್ರ ಉಳಿಸಿಕೊಳ್ಳುತ್ತೇವೆ. ಒಂದು ಗಿರಣಿಯ ಗುಟ್ಟು 420 ಎಂದಿರಲಿ. ಗಿರಣಿಯವನು ಮನಬಂದಂತೆ ಎರಡು ಸಂಖ್ಯೆಗಳನ್ನು ಆರಿಸುತ್ತಾನೆ: 713 ಮತ್ತು 289. ಇವೆರಡನ್ನೂ ಕೂಡಿದರೆ 1002, ಎಂದರೆ ನಮ್ಮ ಗಡಿಯಾರದಲ್ಲಿ 2. ಇದಕ್ಕೆ ಎಷ್ಟು ಸೇರಿದರೆ 420 ಆಗುವುದು? 418. ಹೀಗೆ 713, 289, 418 ಎಂಬುವು 420ರ ಮೂರು ಪಾಲುಗಳು. ಅವುಗಳನ್ನು ಬೇರೆ ಬೇರೆ ಮೂರು ಪೆಟ್ಟಿಗೆಗಳಲ್ಲಿ ಹಾಕುತ್ತಾನೆ. ಮೊದಲನೆಯ ಪೆಟ್ಟಿಗೆಯನ್ನು ತೆರೆದು 713ನ್ನು ಕಂಡವನಿಗೆ ಏನು ತಿಳಿದಂತಾಯಿತು? ಏನೂ ಇಲ್ಲ. ಗುಟ್ಟು 0ಯಿಂದ 999ರ ವರೆಗೆ ಯಾವುದಾದರೂ ಆಗಿರಬಹುದು; ಎಲ್ಲಕ್ಕೂ ಸಮಾನವಾದ ಸಂಭವವಿದೆ. ಎರಡು ಪೆಟ್ಟಿಗೆಗಳನ್ನು ಕದ್ದವನೂ ಇದೇ ಸ್ಥಿತಿಯಲ್ಲಿರುತ್ತಾನೆ. ಇದು ಒಡೆಯಲು ಕಷ್ಟವಾದ ಬೀಗವಲ್ಲ. ಒಡೆಯಲು ಒಳಗೆ ಏನೂ ಇಲ್ಲದ ಬೀಗ.

ಎರಡನೆಯ ಗಿರಣಿಯವನ ಗುಟ್ಟು 135. ಅವನು ಅದನ್ನು 906, 54, 175 ಎಂದು ಒಡೆದು ಅವೇ ಮೂರು ಪೆಟ್ಟಿಗೆಗಳಿಗೆ ಹಾಕಲಿ. ಮೂರನೆಯವನ ಗುಟ್ಟು 260. ಅವನ ಪಾಲುಗಳು 38, 667, 555. ಈಗ ಪ್ರತಿಯೊಂದು ಪೆಟ್ಟಿಗೆಯ ಕಾವಲುಗಾರನೂ ತನ್ನ ಪೆಟ್ಟಿಗೆಯಲ್ಲಿರುವುದನ್ನು ಮಾತ್ರ ಕೂಡುತ್ತಾನೆ. ಮೊದಲನೆಯದರಲ್ಲಿ 713, 906, 38 ಸೇರಿ 1657, ಎಂದರೆ 657. ಎರಡನೆಯದರಲ್ಲಿ 289, 54, 667 ಸೇರಿ 1010, ಎಂದರೆ 10. ಮೂರನೆಯದರಲ್ಲಿ 418, 175, 555 ಸೇರಿ 1148, ಎಂದರೆ 148. ಈ ಮೂರು ಮೊತ್ತಗಳನ್ನು ಬಹಿರಂಗವಾಗಿ ಕೂಡೋಣ: 657, 10, 148 ಸೇರಿ 815. ಗಿರಣಿಗಳ ನಿಜವಾದ ಅಂಕಿಗಳಾದ 420, 135, 260ನ್ನು ಕೂಡಿ ನೋಡಿ, ಅದೂ 815ೇ. ಒಬ್ಬರ ಅಂಕಿಯನ್ನೂ ಯಾರೂ ಕಾಣದೆ ಒಟ್ಟು ಲೆಕ್ಕ ಕೈಗೆ ಬಂದಿತು.

ಇದನ್ನು ನಾವು ನಮ್ಮ ಪದವಿ ತರಗತಿಯ 23 ವಿದ್ಯಾರ್ಥಿಗಳೊಡನೆ ಪ್ರಯೋಗ ಮಾಡಿ ನೋಡಿದೆವು. ಮೂರು ಖಾಲಿ ಬಿಸ್ಕತ್ತಿನ ಡಬ್ಬಿಗಳನ್ನು ಮೇಜಿನ ಮೇಲಿಟ್ಟು, ತಿಂಗಳ ಸ್ವಂತ ಖರ್ಚನ್ನು ಮೂರು ಚೀಟಿಗಳಾಗಿ ಒಡೆದು ಹಾಕಬೇಕೆಂದು ಹೇಳಿದೆವು. ಗಡಿಯಾರ ಹತ್ತು ಲಕ್ಷದ್ದು. ಒಂದು ಡಬ್ಬಿ ನಮ್ಮ ವಶ, ಇನ್ನೊಂದು ಪ್ರಯೋಗಶಾಲೆಯ ಸಹಾಯಕರ ವಶ, ಮೂರನೆಯದು ವಿದ್ಯಾರ್ಥಿಗಳ ಪ್ರತಿನಿಧಿಯ ವಶ. ಕೂಡಿ ಭಾಗಿಸಿದಾಗ ತಲೆಗೆ 36,000 ರೂಪಾಯಿಗೂ ಮೀರಿದ ಸರಾಸರಿ ಬಂದಿತು! ನಮ್ಮ ವಿದ್ಯಾರ್ಥಿಗಳು ಇಷ್ಟು ಧನವಂತರೆಂದು ನಮಗೆ ತಿಳಿದಿರಲಿಲ್ಲ. ಯಾರೋ ಒಬ್ಬರು ಕೊನೆಯ ಚೀಟಿಯ ಕಳೆಯುವ ಲೆಕ್ಕದಲ್ಲಿ ತಪ್ಪಿದ್ದರು. ಯಾರು? ಅದನ್ನು ಕಂಡುಹಿಡಿಯುವುದೇ ಅಸಾಧ್ಯವಾಗಿದ್ದಿತು. ಚೀಟಿಗಳೆಲ್ಲ ಅರ್ಥವಿಲ್ಲದ ಸಂಖ್ಯೆಗಳು. ತಪ್ಪು ಚೀಟಿಯೂ ಸರಿಯಾದ ಚೀಟಿಯಂತೆಯೇ ಕಾಣುತ್ತದೆ. ಎಲ್ಲರೂ ಹೊಸದಾಗಿ ಬರೆದ ಮೇಲೆ ಸರಾಸರಿ 4,000ದೊಳಕ್ಕೆ ಇಳಿಯಿತು. ಇನ್ನೊಂದು ಸಂಗತಿಯನ್ನೂ ಅಂದು ಗಮನಿಸಿದೆವು. ಮನಬಂದ ಸಂಖ್ಯೆಯನ್ನು ಬರೆಯಿರೆಂದರೆ ಅನೇಕರು 7777, 12345 ಮೊದಲಾದವನ್ನೇ ಬರೆಯುತ್ತಾರೆ. ಮನುಷ್ಯನ ಮನಸ್ಸಿಗೆ ನಿಜವಾದ ಯಾದೃಚ್ಛಿಕತೆ ಸುಲಭವಾಗಿ ಒಗ್ಗುವುದಿಲ್ಲ. ಆ ಕೆಲಸವನ್ನು ಯಂತ್ರಕ್ಕೆ ಬಿಡುವುದೇ ಲೇಸು.

ಕೂಡುವುದೇನೋ ಆಯಿತು. ಬೇರೆ ಬಗೆಯ ಪ್ರಶ್ನೆಗಳಿಗೆ ಏನು ಗತಿ? 1982ರಲ್ಲಿ ಆಂಡ್ರೂ ಯಾವೋ ಎಂಬ ವಿದ್ವಾಂಸರು ಒಂದು ಸ್ವಾರಸ್ಯದ ಸಮಸ್ಯೆಯನ್ನು ಮುಂದಿಟ್ಟರು. ಇಬ್ಬರು ಕೋಟ್ಯಧೀಶರು ತಮ್ಮ ಆಸ್ತಿ ಎಷ್ಟೆಂದು ಪರಸ್ಪರ ತಿಳಿಸದೆ, ತಮ್ಮಿಬ್ಬರಲ್ಲಿ ಯಾರು ಹೆಚ್ಚು ಶ್ರೀಮಂತರು ಎಂಬುದನ್ನು ಮಾತ್ರ ತಿಳಿದುಕೊಳ್ಳುವುದು ಹೇಗೆ? ಇದಕ್ಕೆ ಉತ್ತರವಿದೆಯೆಂದು ಅವರೇ ತೋರಿಸಿದರು. 1987 ಮತ್ತು 1988ರಲ್ಲಿ ಹಲವು ಗಣಿತಜ್ಞರು ಇನ್ನೂ ವಿಶಾಲವಾದ ಫಲಿತಾಂಶಕ್ಕೆ ಬಂದರು. ಗಣಕಯಂತ್ರವು ಮಾಡಬಲ್ಲ ಯಾವ ಲೆಕ್ಕವನ್ನಾದರೂ ಹೀಗೆ ಪಾಲುಗಳ ಮೇಲೆಯೇ ಮಾಡಬಹುದು ಎಂಬುದೇ ಅದು. ಇದಕ್ಕೆ ಸುರಕ್ಷಿತ ಬಹುಪಕ್ಷ ಗಣನೆಯೆಂದು ಹೆಸರು.

ಇಪ್ಪತ್ತು ವರ್ಷಗಳ ಕಾಲ ಇದು ಹೆಚ್ಚಾಗಿ ಪ್ರಬಂಧಗಳಲ್ಲಿಯೇ ಉಳಿಯಿತು. ಅದನ್ನು ಹೊಲಕ್ಕೆ ಇಳಿಸಿದ ಕೀರ್ತಿ ಡೆನ್ಮಾರ್ಕಿನ ಸಕ್ಕರೆ ಬೀಟ್ ಬೆಳೆಗಾರರದು. ಆ ದೇಶದಲ್ಲಿ ಆಗ ಬೀಟ್ ಗಡ್ಡೆಯಿಂದ ಸಕ್ಕರೆ ತೆಗೆಯುವ ಸಂಸ್ಥೆ ಡಾನಿಸ್ಕೋ ಒಂದೇ. ಬೆಳೆಯುವ ಹಕ್ಕುಗಳನ್ನು ರೈತರು ತಮ್ಮಲ್ಲಿಯೇ ಕೊಂಡು ಮಾರಿ ಬದಲಾಯಿಸಿಕೊಳ್ಳಬೇಕಾಗಿ ಬಂದಾಗ, ಯಾವ ಬೆಲೆಗೆ ಎಷ್ಟು ಕೊಳ್ಳುವೆವು, ಎಷ್ಟು ಮಾರುವೆವು ಎಂದು ಅವರು ಹೇಳಲೇಬೇಕಾಯಿತು. ಆ ಅಂಕಿಗಳು ಕಾರ್ಖಾನೆಗೆ ತಿಳಿದರೆ ಯಾವ ರೈತನಿಗೆ ಎಷ್ಟು ಲಾಭವಿದೆಯೆಂದು ತಿಳಿದಂತೆಯೇ. ಮುಂದಿನ ಸಲ ಬೆಲೆ ಗೊತ್ತುಮಾಡುವಾಗ ಅದು ರೈತನಿಗೇ ತಿರುಗುಬಾಣವಾದೀತು. ಮಂಡ್ಯದ ಕಬ್ಬಿನ ಬೆಳೆಗಾರರಿಗೆ ಈ ಸಂಕಟವನ್ನು ಹೆಚ್ಚು ವಿವರಿಸಬೇಕಾಗಿಲ್ಲ. 2008ರ ಜನವರಿಯಲ್ಲಿ ಸುಮಾರು 1200 ರೈತರು ತಮ್ಮ ಬೇಡಿಕೆಗಳನ್ನು ಪಾಲುಗಳಾಗಿ ಕಳುಹಿಸಿದರು. ಒಂದು ಪೆಟ್ಟಿಗೆ ಕಾರ್ಖಾನೆಯದು, ಒಂದು ಬೆಳೆಗಾರರ ಸಂಘದ್ದು, ಇನ್ನೊಂದು ಸಂಶೋಧಕರದು. ಸುಮಾರು ಅರ್ಧ ಗಂಟೆಯ ಗಣನೆಯ ಅನಂತರ ಪೇಟೆಯ ಬೆಲೆ ಗೊತ್ತಾಯಿತು. ಸುಮಾರು 25,000 ಟನ್ನುಗಳ ಹಕ್ಕು ಕೈ ಬದಲಾಯಿಸಿತು. 1988ರ ಆ ಗಣಿತಜ್ಞರಲ್ಲಿ ಒಬ್ಬರಾದ ಈವಾನ್ ಡಾಮ್‌ಗಾರ್ಡ್ ಈ ಕೆಲಸದಲ್ಲಿಯೂ ಇದ್ದರು.

ಈಗ ಎಸ್ಟೋನಿಯಕ್ಕೆ ಮರಳೋಣ. ಅಲ್ಲಿಯ ಡಾನ್ ಬೊಗ್ಡಾನೊವ್ ಮತ್ತು ಅವರ ಸಂಗಡಿಗರು ಷೇರ್‌ಮೈಂಡ್ ಎಂಬ ಹೆಸರಿನ ಇಂಥದೊಂದು ಗಣನವ್ಯವಸ್ಥೆಯನ್ನು ಆಗಲೇ ನಿರ್ಮಿಸಿದ್ದರು. 2011ರಲ್ಲಿ ಆ ದೇಶದ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳ ಸಂಘವು ತನ್ನ 17 ಸದಸ್ಯ ಸಂಸ್ಥೆಗಳ ಹಣಕಾಸಿನ ಅಂಕಿಗಳನ್ನು ಪರಸ್ಪರ ತೋರಿಸದೆ ಹೋಲಿಸಿ ನೋಡಲು ಅದನ್ನು ಬಳಸಿದ್ದಿತು. ಅಧ್ಯಕ್ಷರು ಕಾನೂನನ್ನು ಹಿಂದಿರುಗಿಸಿದ ಮೇಲೆ ಇವರು ತೆರಿಗೆ ಇಲಾಖೆಯೊಡನೆ ಸೇರಿ, ಬಿಲ್ಲುಗಳನ್ನು ನೋಡದೆಯೇ ವಂಚನೆಯ ಶಂಕೆಯಿರುವ ಲೆಕ್ಕಗಳನ್ನು ಹುಡುಕುವ ಮಾದರಿಯೊಂದನ್ನು ರಚಿಸಿದರು.

ನೋಡದೆ ಹುಡುಕುವುದೆಂದರೇನು? ಮಾರಿದವನು 350 ಎಂದಿದ್ದಾನೆ, ಕೊಂಡವನು 480 ಎಂದಿದ್ದಾನೆ. ಎರಡೂ ಪಾಲುಗಳಾಗಿ ಮೂರು ಯಂತ್ರಗಳಲ್ಲಿವೆ. ಕಳೆಯುವುದು ಕೂಡಿದಷ್ಟೇ ಸುಲಭ. ಪ್ರತಿಯೊಂದು ಯಂತ್ರವೂ ತನ್ನ ಪಾಲುಗಳನ್ನು ಕಳೆದರೆ ವ್ಯತ್ಯಾಸವಾದ 130ರ ಪಾಲುಗಳು ದೊರೆಯುತ್ತವೆ. ಆದರೆ 130 ಎಂಬುದೂ ಗುಟ್ಟೇ. ನಮಗೆ ಬೇಕಾದುದು ಅದು ಸೊನ್ನೆಯೋ ಅಲ್ಲವೋ ಎಂಬುದಷ್ಟೇ. ಇದಕ್ಕೆ ಒಂದು ಜಾಣತನದ ಉಪಾಯವಿದೆ. ಯಾರಿಗೂ ತಿಳಿಯದ, ಸೊನ್ನೆಯಲ್ಲದ ಒಂದು ಸಂಖ್ಯೆಯನ್ನು ಮೂರು ಯಂತ್ರಗಳೂ ಸೇರಿ ಪಾಲುಗಳ ರೂಪದಲ್ಲಿಯೇ ಹುಟ್ಟಿಸಿ, ವ್ಯತ್ಯಾಸವನ್ನು ಅದರಿಂದ ಗುಣಿಸಿ, ಗುಣಲಬ್ಧವನ್ನು ಬಹಿರಂಗಪಡಿಸುವುದು. ವ್ಯತ್ಯಾಸ ಸೊನ್ನೆಯಾಗಿದ್ದರೆ ಯಾವುದರಿಂದ ಗುಣಿಸಿದರೂ ಸೊನ್ನೆ. ಇಲ್ಲವಾದರೆ ಬರುವುದು ಅರ್ಥವಿಲ್ಲದ ಒಂದು ಸಂಖ್ಯೆ. ಇಲ್ಲಿ ಮಾತ್ರ ಸಾವಿರದ ಗಡಿಯಾರ ಕೆಲಸಕ್ಕೆ ಬಾರದು. 500ನ್ನು 2ರಿಂದ ಗುಣಿಸಿದರೆ ಅದರಲ್ಲಿ ಸೊನ್ನೆಯಾಗಿಬಿಡುತ್ತದೆಯಲ್ಲವೆ? ಆದುದರಿಂದ 1009ರಂಥ ಅವಿಭಾಜ್ಯ ಸಂಖ್ಯೆಯ ಗಡಿಯಾರವನ್ನು ಆರಿಸುತ್ತೇವೆ. ಗುಟ್ಟಿನ ಗುಣಕ 58 ಎಂದಿದ್ದರೆ 130ರಿಂದ ಗುಣಿಸಿದಾಗ 7540. ಅದರಿಂದ 1009ರ ಏಳು ಸುತ್ತುಗಳನ್ನು, ಎಂದರೆ 7063ನ್ನು, ಕಳೆದರೆ 477 ಉಳಿಯುವುದು. ತೆರಿಗೆಯವರಿಗೆ ಕಾಣುವುದು 477. ಲೆಕ್ಕ ತಾಳೆಯಾಗಿಲ್ಲವೆಂದು ಅದರಿಂದ ತಿಳಿಯುತ್ತದೆ. 350 ಆಗಲಿ 480 ಆಗಲಿ 130 ಆಗಲಿ ತಿಳಿಯುವುದಿಲ್ಲ.

ಗುಣಿಸುವುದು ಮಾತ್ರ ಸ್ವಲ್ಪ ತೊಡಕಿನ ಕೆಲಸ. ಎರಡು ಸಂಖ್ಯೆಗಳಿಗೆ ಮೂರು ಮೂರು ಪಾಲುಗಳಿದ್ದರೆ ಗುಣಲಬ್ಧದಲ್ಲಿ ಒಂಬತ್ತು ಬಿಡಿ ಗುಣಲಬ್ಧಗಳಿರುತ್ತವೆ. ಅವುಗಳಲ್ಲಿ ಆರರಲ್ಲಿ ಒಂದು ಪಾಲು ಒಂದು ಯಂತ್ರದಲ್ಲಿಯೂ ಇನ್ನೊಂದು ಪಾಲು ಬೇರೆ ಯಂತ್ರದಲ್ಲಿಯೂ ಇರುತ್ತದೆ. ಅದಕ್ಕಾಗಿ ಪ್ರತಿಯೊಂದು ಯಂತ್ರವೂ ತನ್ನ ಪಾಲನ್ನು ಹೊಸದಾಗಿ ಕಲಸಿ ಪಕ್ಕದ ಯಂತ್ರಕ್ಕೆ ಒಂದು ಪ್ರತಿ ಕಳುಹಿಸುತ್ತದೆ. ಆಗ ಒಂದೊಂದರಲ್ಲಿಯೂ ಎರಡೆರಡು ಪಾಲುಗಳಾಗುತ್ತವೆ. ಮೂರನೆಯದು ಇಲ್ಲದಿರುವುದರಿಂದ ಗುಟ್ಟು ಗುಟ್ಟಾಗಿಯೇ ಇರುತ್ತದೆ. ಒಂಬತ್ತನ್ನು ಮೂರು ಮೂರರಂತೆ ಹಂಚಿಕೊಂಡು ಗುಣಿಸುತ್ತವೆ. ಹೀಗೆ ಒಂದು ಗುಣಾಕಾರಕ್ಕೂ ಯಂತ್ರಗಳು ತಮ್ಮೊಳಗೆ ಮಾತನಾಡಿಕೊಳ್ಳಬೇಕು. ಸಾಮಾನ್ಯ ಗಣಕಯಂತ್ರ ಕಣ್ಣೆವೆ ಮುಚ್ಚುವುದರೊಳಗೆ ಮಾಡುವುದನ್ನು ಇವು ಪತ್ರವ್ಯವಹಾರದಿಂದ ಸಾಧಿಸಬೇಕಾದುದರಿಂದ ವೇಗ ಬಹಳ ಕಡಮೆ. ಎಸ್ಟೋನಿಯದ ಮಾದರಿಯ ಬಗ್ಗೆ 2015ರಲ್ಲಿ ಪ್ರಕಟವಾದ ವರದಿಯಂತೆ, 20,000 ಯೂರೋ ಬೆಲೆಯ ಯಂತ್ರಗಳಿಂದ ಇಡೀ ದೇಶದ ಒಂದು ತಿಂಗಳ ವ್ಯವಹಾರವನ್ನು ಪರೀಕ್ಷಿಸಲು ಹತ್ತು ದಿನಗಳು ಬೇಕಾಗುತ್ತಿದ್ದುವು. ಲೆಕ್ಕ ಬರುವುದು ತಿಂಗಳಿಗೊಂದು ಸಲವಾದುದರಿಂದ ಹತ್ತು ದಿನ ದೊಡ್ಡ ವಿಳಂಬವೇನೂ ಅಲ್ಲ.

ಅಮೆರಿಕೆಯ ಬಾಸ್ಟನ್ ನಗರದಲ್ಲಿ ಇದಕ್ಕಿಂತ ಸರಳವಾದ ಲೆಕ್ಕವೊಂದು ಸಾರ್ವಜನಿಕ ಕಾರ್ಯಕ್ಕೆ ಉಪಯೋಗವಾಯಿತು. ಸ್ತ್ರೀಯರಿಗೂ ಪುರುಷರಿಗೂ ಸಿಗುವ ಸಂಬಳದಲ್ಲಿ ಎಷ್ಟು ಅಂತರವಿದೆಯೆಂದು ತಿಳಿಯುವುದಕ್ಕೆ ಅಲ್ಲಿಯ ಮೇಯರರು ಸ್ಥಾಪಿಸಿದ ಮಂಡಲಿಯೊಂದು ಉದ್ಯಮಗಳ ಸಹಕಾರವನ್ನು ಕೋರಿತು. ಸಂಬಳದ ಪಟ್ಟಿಯನ್ನು ನಗರಾಡಳಿತಕ್ಕೆ ಯಾವ ಉದ್ಯಮ ಕೊಟ್ಟೀತು? ಬಾಸ್ಟನ್ ವಿಶ್ವವಿದ್ಯಾನಿಲಯದವರು ಎರಡು ಪೆಟ್ಟಿಗೆಗಳ ವ್ಯವಸ್ಥೆಯನ್ನು ಮಾಡಿಕೊಟ್ಟರು. ಪ್ರತಿಯೊಂದು ಉದ್ಯಮದ ಯಂತ್ರವೂ ಅಂಕಿಗಳಿಗೆ ಯಾದೃಚ್ಛಿಕ ಸಂಖ್ಯೆಗಳ ಮುಸುಕನ್ನು ಹಾಕುವುದು; ಮುಸುಕಿನೊಳಗಿನ ಅಂಕಿ ಒಬ್ಬರ ಬಳಿ, ಬರಿಯ ಮುಸುಕು ಇನ್ನೊಬ್ಬರ ಬಳಿ. ಎರಡು ಕಡೆಯ ಮೊತ್ತಗಳನ್ನು ಕಳೆದಾಗ ಒಟ್ಟು ಸಂಬಳ ತಿಳಿಯುತ್ತದೆ. 2016ರಲ್ಲಿ 69 ಉದ್ಯಮಗಳು ಸುಮಾರು 1,12,600 ನೌಕರರ ಲೆಕ್ಕವನ್ನು ಹೀಗೆ ಸಲ್ಲಿಸಿದುವು. ಪುರುಷನ ಒಂದು ಡಾಲರಿಗೆ ಸ್ತ್ರೀಗೆ 77 ಸೆಂಟುಗಳು ದೊರೆಯುತ್ತಿದ್ದುವೆಂದು ಗೊತ್ತಾಯಿತು. ನಮ್ಮ ಬಿಸ್ಕತ್ತಿನ ಡಬ್ಬಿಯ ತೊಂದರೆಯೇ ಅವರಿಗೂ ಇದ್ದಿತು. ಮುಸುಕು ಹಾಕಿದ ಮೇಲೆ ತಪ್ಪನ್ನು ಹುಡುಕುವಂತಿಲ್ಲವಾದುದರಿಂದ, ಅಂಕಿಯನ್ನು ತುಂಬುವ ಹಾಳೆಯೇ ಅಸಂಬದ್ಧ ಸಂಖ್ಯೆಯನ್ನು ಕಂಡೊಡನೆ ಎಚ್ಚರಿಸುವಂತೆ ಮಾಡಬೇಕಾಯಿತು.

ಈ ವಿಧಾನದ ಗುಣಗಳನ್ನು ಇಷ್ಟು ಹೇಳಿದ ಮೇಲೆ ಅದರ ಮಿತಿಗಳನ್ನು ಮುಚ್ಚಿಡುವುದು ಸರಿಯಲ್ಲ. ಮೂರು ಕಾವಲುಗಾರರೂ ಒಳಗೊಳಗೇ ಸೇರಿಕೊಂಡರೆ ಎಲ್ಲವೂ ಬಯಲು. ಗುಣಾಕಾರ ನಡೆಯುವಾಗ ಇಬ್ಬರು ಸೇರಿದರೂ ಸಾಕು. ಮೂರು ಪೆಟ್ಟಿಗೆಗಳೂ ಸರ್ಕಾರದ ಮೂರು ಇಲಾಖೆಗಳ ಕೈಯಲ್ಲಿದ್ದರೆ ಈ ಗಣಿತವೆಲ್ಲ ಬರಿಯ ಅಲಂಕಾರ. ಡೆನ್ಮಾರ್ಕಿನಲ್ಲಿ ಕಾರ್ಖಾನೆಯೂ ಬೆಳೆಗಾರರ ಸಂಘವೂ ಒಂದೊಂದು ಪೆಟ್ಟಿಗೆಯನ್ನು ಹಿಡಿದದ್ದು ಇದಕ್ಕಾಗಿಯೇ: ಪರಸ್ಪರ ನಂಬದವರೇ ಇಲ್ಲಿ ಒಳ್ಳೆಯ ಕಾವಲುಗಾರರು. ತೆರಿಗೆಯ ವಿಷಯದಲ್ಲಿ ವರ್ತಕರ ಸಂಘವೊಂದು ಪೆಟ್ಟಿಗೆಯನ್ನು ಹಿಡಿಯದ ಹೊರತು ಯಾರಿಗೂ ನೆಮ್ಮದಿಯಿರಲಾರದೆಂದು ನಮಗೆ ತೋರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಉತ್ತರದಲ್ಲಿಯೇ ಇದೆ. ಗಣನೆಯನ್ನು ಎಷ್ಟೇ ಗುಟ್ಟಾಗಿ ಮಾಡಿದರೂ ಉತ್ತರವು ಬಹಿರಂಗವಷ್ಟೆ. ಒಂದು ಜಿಲ್ಲೆಯಲ್ಲಿ ಐದು ಸಿಮೆಂಟು ಕಾರ್ಖಾನೆಗಳಿದ್ದು ಅವುಗಳ ಒಟ್ಟು ಉತ್ಪಾದನೆಯನ್ನು ಪ್ರಕಟಿಸಿದರೆಂದುಕೊಳ್ಳೋಣ. ಇನ್ನೊಂದು ಕೋಷ್ಟಕದಲ್ಲಿ ತಾಲ್ಲೂಕೊಂದನ್ನು ಬಿಟ್ಟು ನಾಲ್ಕರ ಮೊತ್ತವನ್ನು ಪ್ರಕಟಿಸಿದರೆ, ಒಂದರಿಂದ ಇನ್ನೊಂದನ್ನು ಕಳೆದ ಶಾಲೆಯ ಹುಡುಗನೂ ಐದನೆಯ ಕಾರ್ಖಾನೆಯ ಗುಟ್ಟನ್ನು ಹೇಳಬಲ್ಲನು. ಇಬ್ಬರೇ ವ್ಯಾಪಾರಿಗಳ ಮೊತ್ತವಂತೂ ಪರಸ್ಪರ ಪತ್ರ ಬರೆದಂತೆಯೇ. ಇದಕ್ಕೆ ಪರಿಹಾರವಾಗಿ ಪ್ರಕಟಿಸುವ ಮೊತ್ತಕ್ಕೆ ಅಳತೆಮಾಡಿದಷ್ಟು ಯಾದೃಚ್ಛಿಕ ದೋಷವನ್ನು ಬೇಕೆಂದೇ ಬೆರೆಸುವ ಶಾಸ್ತ್ರವೊಂದು 2006ರಿಂದ ಬೆಳೆದಿದೆ. ಅಮೆರಿಕೆಯ ಜನಗಣತಿ ಇಲಾಖೆಯು 2020ರ ಗಣತಿಯಲ್ಲಿ ಇದನ್ನು ಅನುಸರಿಸಿತು. ಪ್ರಯೋಗಶಾಲೆಯಲ್ಲಿ ದೋಷವನ್ನು ತೊಡೆದುಹಾಕುವುದರಲ್ಲಿಯೇ ಆಯುಸ್ಸನ್ನು ಕಳೆಯುವ ನಮ್ಮಂಥವರಿಗೆ, ದೋಷವನ್ನು ತಂದು ಬೆರೆಸುವ ಈ ಕೆಲಸ ಮೊದಲು ವಿಚಿತ್ರವೆನಿಸಿದ್ದು ನಿಜ. ಸುಳ್ಳು ಲೆಕ್ಕದ ಮಾತು ಬೇರೆ. ಮಾರಿದವನೂ ಕೊಂಡವನೂ ಕೂಡಿಕೊಂಡು ಒಂದೇ ಸುಳ್ಳನ್ನು ಬರೆದರೆ ವ್ಯತ್ಯಾಸ ಸೊನ್ನೆಯೇ ಬರುತ್ತದೆ. ತೆರೆದ ಪುಸ್ತಕದಲ್ಲಿ ಕಾಣದ ಮೋಸ ಮುಚ್ಚಿದ ಪುಸ್ತಕದಲ್ಲಿಯೂ ಕಾಣದು.

ಕೊನೆಗೆ ಎಸ್ಟೋನಿಯದಲ್ಲಿ ಆದುದೇನು? ಷೇರ್‌ಮೈಂಡಿನ ತೆರಿಗೆ ಪರೀಕ್ಷೆ ಮಾದರಿಯಾಗಿಯೇ ನಿಂತಿತು. ಇಲಾಖೆಯ ನಿತ್ಯದ ಕೆಲಸಕ್ಕೆ ಬರಲಿಲ್ಲ. ಕಾನೂನು ಪುನಃ ಅಂಗೀಕೃತವಾಗಿ 2014ರ ನವೆಂಬರ್ 1ರಿಂದ ಜಾರಿಗೆ ಬಂದಿತು. ತಿಂಗಳೊಂದರಲ್ಲಿ ಒಬ್ಬ ವ್ಯವಹಾರಸ್ಥನೊಡನೆ ನಡೆಸಿದ ವ್ಯಾಪಾರ 1000 ಯೂರೋಗಳನ್ನು ಮುಟ್ಟಿದರೆ ಅವನೊಡನೆ ನಡೆದ ವ್ಯವಹಾರದ ಬಿಲ್ಲುಗಳನ್ನು ಇಲಾಖೆಗೆ ತೆರೆದು ತೋರಿಸಬೇಕಾಯಿತು. ಗಣಿತ ಸಿದ್ಧವಾಗಿದ್ದರೂ ಆಡಳಿತ ಹಳೆಯ ದಾರಿಯನ್ನೇ ಹಿಡಿಯಿತೆಂದು ನಮಗೆ ಸ್ವಲ್ಪ ಖೇದವೆನಿಸಿದರೆ ವಾಚಕರು ಕ್ಷಮಿಸಬೇಕು.

ಆದರೂ ಆ ಯಂತ್ರಗಳು ಸುಮ್ಮನೆ ಕೂರಲಿಲ್ಲ. ಅಲ್ಲಿಯ ಮಾಹಿತಿ ತಂತ್ರಜ್ಞಾನದ ವಿದ್ಯಾರ್ಥಿಗಳು ಓದುವಾಗಲೇ ಕೆಲಸಕ್ಕೆ ಸೇರಿ, ಅದರಿಂದಾಗಿ ಪದವಿಯನ್ನು ಮುಗಿಸದೆ ಹೋಗುತ್ತಾರೆಂಬ ದೂರು ಬಹುದಿನಗಳಿಂದ ಇದ್ದಿತು. ಇದನ್ನು ಪರೀಕ್ಷಿಸಲು ತೆರಿಗೆ ಇಲಾಖೆಯ ಸುಮಾರು ಒಂದು ಕೋಟಿ ದಾಖಲೆಗಳನ್ನೂ ಶಿಕ್ಷಣ ಇಲಾಖೆಯ ಲಕ್ಷಾಂತರ ದಾಖಲೆಗಳನ್ನೂ ಜೋಡಿಸಬೇಕಾಗಿದ್ದಿತು. ಒಂದು ಇಲಾಖೆ ತನ್ನ ಕಾಗದವನ್ನು ಇನ್ನೊಂದಕ್ಕೆ ಕೊಡುವಂತಿರಲಿಲ್ಲ. ಎರಡೂ ತಮ್ಮ ದಾಖಲೆಗಳನ್ನು ಪಾಲುಗಳಾಗಿ ಒಡೆದು ಷೇರ್‌ಮೈಂಡಿನ ಮೂರು ಪೆಟ್ಟಿಗೆಗಳಿಗೆ ಹಾಕಿದುವು. 2015ರಲ್ಲಿ ಉತ್ತರ ಬಂದಿತು: ಕೆಲಸಕ್ಕೆ ಸೇರಿದುದೇ ಆ ವಿದ್ಯಾರ್ಥಿಗಳು ಹೊತ್ತಿಗೆ ಪದವಿ ಪಡೆಯದಿರುವುದಕ್ಕೆ ಕಾರಣವೆನ್ನಲು ಆ ದಾಖಲೆಗಳಲ್ಲಿ ಆಧಾರ ದೊರೆಯಲಿಲ್ಲ.